ಸಣ್ಣ ಟ್ಯಾಬ್ಲೆಟ್‌ಗೆ ಯಾವ ಆ್ಯಪ್ ಹಾಕಬೇಕು? ಓದು, ನಕ್ಷೆ, ಟಿಪ್ಪಣಿಗಳ ಹೋಲಿಕೆ

ಕೈಯಲ್ಲಿ ಹಿಡಿಯುವ ಇಂಟರ್ನೆಟ್ ಟ್ಯಾಬ್ಲೆಟ್ ನಿನ್ನೆ ಮೊನ್ನೆ ಬಂದದ್ದಲ್ಲ. ನೋಕಿಯಾ 770 ಬಂದದ್ದು 2005ರಲ್ಲಿ. ಅದರಲ್ಲಿ ಫೋನ್ ಮಾಡಲು ಆಗುತ್ತಿರಲಿಲ್ಲ. ವೈಫೈ, ಬ್ಲೂಟೂತ್, 4 ಇಂಚಿಗಿಂತ ತುಸು ದೊಡ್ಡ ಪರದೆ, 64 ಎಂಬಿ ಮೆಮೊರಿ, ಒಳಗೆ ಮೇಮೋ ಎಂಬ ಲಿನಕ್ಸ್. ಅಷ್ಟೇ. ಕೊಂಡವರ ಬೇಡಿಕೆ ಮಾತ್ರ ಉದ್ದವಾಗಿತ್ತು. ಪಿಡಿಎಫ್ ನೆಟ್ಟಗೆ ಓದಲು ಬರಬೇಕು, ಕ್ಯಾಲೆಂಡರ್ ಬೇಕು, ನಕ್ಷೆ ಬೇಕು, ಚಾಟ್ ಬೇಕು, ಗೀಚಿಡಲು ಏನಾದರೂ ಬೇಕು. ಕಂಪನಿ ಕೊಡದ್ದನ್ನು ಆಸಕ್ತರೇ ಮಾಡಿಕೊಂಡರು. ಓದಲು ಎಫ್‌ಬಿ ರೀಡರ್ ಬಂತು, ದಾರಿ ನೋಡಲು ಮೇಮೋ ಮ್ಯಾಪರ್ ಬಂತು.

ಆ ಬೇಡಿಕೆ ಈಗಲೂ ಹೆಚ್ಚುಕಡಿಮೆ ಹಾಗೇ ಇದೆ. ದೊಡ್ಡ ಕಂಪನಿಗಳ ಸಾಧನದಲ್ಲೂ ಸಣ್ಣ ಆಸೆಗಳು ವರ್ಷಗಟ್ಟಲೆ ಕಾಯುತ್ತವೆ. ಐಪ್ಯಾಡ್ ಬಂದದ್ದು 2010ರಲ್ಲಿ. ಅದಕ್ಕೆ ಆಪಲ್‌ನದೇ ಕ್ಯಾಲ್ಕುಲೇಟರ್ ಬಂದದ್ದು 2024ರಲ್ಲಿ. ಐಪ್ಯಾಡ್‌ಗೆಂದೇ ಮಾಡಿದ ವಾಟ್ಸಾಪ್ ಬಂದದ್ದು 2025ರ ಮೇ ತಿಂಗಳಲ್ಲಿ. ಆದರೆ ಉಳಿದ ಹೆಚ್ಚಿನ ಕೆಲಸಗಳಿಗೆ ಈಗ ಆ್ಯಪ್ ಇಲ್ಲ ಅನ್ನುವ ಕೊರತೆ ಇಲ್ಲ. ಒಂದೊಂದಕ್ಕೂ ಹತ್ತಾರು ಇವೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದೇ ತಲೆನೋವು.

ನಾನು ಎರಡೇ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಮೊದಲನೆಯದು, ಏರೋಪ್ಲೇನ್ ಮೋಡ್ ಹಾಕಿ ಆ್ಯಪ್ ತೆರೆಯುವುದು. ನೆಟ್ ಇಲ್ಲದಾಗ ಅದು ಎಷ್ಟು ಕೆಲಸ ಮಾಡುತ್ತದೆ ನೋಡಿ. ಹೆಸರಿಗೆ ಇಂಟರ್ನೆಟ್ ಟ್ಯಾಬ್ಲೆಟ್ ಆದರೂ ಸಿಮ್ ಇಲ್ಲದ ಟ್ಯಾಬ್ ಮನೆ ದಾಟಿದ ಕೂಡಲೇ ನೆಟ್ ಕಳೆದುಕೊಳ್ಳುತ್ತದೆ. ನಮಗೆ ಅದು ಜಾಸ್ತಿ ಬೇಕಾಗುವುದೂ ಅಲ್ಲೇ, ಪ್ರಯಾಣದಲ್ಲಿ, ಕಾಯುವ ಕೋಣೆಯಲ್ಲಿ. ಎರಡನೆಯದು, ನಾನು ಒಳಗೆ ಹಾಕಿದ್ದು ನಾಳೆ ಸುಲಭವಾಗಿ ಹೊರಗೆ ಬರುತ್ತದೆಯೇ? ಆ್ಯಪ್ ಎಷ್ಟೇ ಚೆಂದ ಇರಲಿ, ಇವೆರಡರಲ್ಲಿ ಸೋತರೆ ನನ್ನ ಟ್ಯಾಬ್‌ನಲ್ಲಿ ಅದಕ್ಕೆ ಜಾಗ ಇಲ್ಲ.

ಓದುವುದು: ಇಲ್ಲಿ ಸ್ವಲ್ಪ ನಿಧಾನಿಸೋಣ

ಸಣ್ಣ ಟ್ಯಾಬ್ ಕೊಳ್ಳುವವರಲ್ಲಿ ಬಹಳ ಮಂದಿ ಹೇಳುವ ಕಾರಣ ಓದು. ಬೇಗ ಬೇಸರ ತರಿಸುವುದೂ ಅದೇ, ಅದಕ್ಕೆ ಕಾರಣ ಪಿಡಿಎಫ್.

ಇಪಬ್ ಎಂಬ ಇ-ಪುಸ್ತಕ ರೂಪದಲ್ಲಿ ತೊಂದರೆ ಕಡಿಮೆ. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಪಿಡಿಎಫ್ ಹಾಗಲ್ಲ, ಅದು ಅಚ್ಚಾದ ಪುಟದ ಚಿತ್ರ ಇದ್ದಂತೆ. ಲೆಕ್ಕ ಹಾಕಿ ನೋಡಿ. ಎ4 ಹಾಳೆಯ ಅಗಲ 210 ಮಿಲಿಮೀಟರ್. 16:10 ಅನುಪಾತದ 8 ಇಂಚಿನ ಟ್ಯಾಬ್ ಅನ್ನು ಉದ್ದಕ್ಕೆ ಹಿಡಿದರೆ ಪರದೆಯ ಅಗಲ ಸುಮಾರು 108 ಮಿಲಿಮೀಟರ್. ಅಂದರೆ ಪುಟ ಅರ್ಧಕ್ಕೆ ಕುಗ್ಗುತ್ತದೆ. ಹಾಳೆಯಲ್ಲಿ 10 ಪಾಯಿಂಟ್ ಇದ್ದ ಅಕ್ಷರ ಇಲ್ಲಿ 5 ಪಾಯಿಂಟ್. ಔಷಧಿ ಡಬ್ಬಿಯ ಒಳಗಿನ ಚೀಟಿಯ ಹಾಗೆ ಕಾಣುತ್ತದೆ.

ಈಗ ಸುತ್ತಲಿನ ಖಾಲಿ ಅಂಚನ್ನು ಕತ್ತರಿಸಿ. ಎರಡೂ ಬದಿ 25 ಮಿಲಿಮೀಟರ್ ಹೋದರೆ ಉಳಿಯುವ ಬರಹದ ಅಗಲ 160. ಟ್ಯಾಬ್ ಅನ್ನು ಅಡ್ಡ ತಿರುಗಿಸಿದರೆ ಪರದೆಯ ಅಗಲ ಸುಮಾರು 172. ಬರಹ ಅಚ್ಚಿನ ಗಾತ್ರಕ್ಕಿಂತಲೂ ತುಸು ದೊಡ್ಡದಾಗೇ ಕಾಣುತ್ತದೆ! ಎರಡು ಕಾಲಂನ ಸಂಶೋಧನಾ ಲೇಖನ ಆದರೆ ಇನ್ನೂ ಒಳ್ಳೆಯದು. ಒಂದು ಕಾಲಂ 77 ಮಿಲಿಮೀಟರ್ ಇದ್ದರೆ, ಟ್ಯಾಬ್ ಅನ್ನು ಉದ್ದಕ್ಕೇ ಹಿಡಿದು ಒಂದೊಂದೇ ಕಾಲಂ ಓದಬಹುದು. 10 ಪಾಯಿಂಟ್ ಅಕ್ಷರ 14 ಪಾಯಿಂಟ್‌ನಷ್ಟು ಕಾಣುತ್ತದೆ. ಅಂದರೆ ಪರದೆ ಸಣ್ಣದು ಅನ್ನುವುದಕ್ಕಿಂತ, ಓದುವ ಆ್ಯಪ್‌ಗೆ ಅಂಚು ಕತ್ತರಿಸಲು ಮತ್ತು ಕಾಲಂ ಹಿಡಿಯಲು ಬರುತ್ತದೆಯೇ ಅನ್ನುವುದೇ ಮುಖ್ಯ.

ಈ ಕೆಲಸದಲ್ಲಿ ಕೋರೀಡರ್ ಎಲ್ಲರಿಗಿಂತ ಮುಂದಿದೆ. ಕಾಗದದಂತೆ ಕಾಣುವ ಇ-ಇಂಕ್ ಪರದೆಯ ಸಾಧನಗಳಿಗೆಂದು ಹುಟ್ಟಿದ್ದು, ಆಂಡ್ರಾಯ್ಡ್‌ಗೂ ಇದೆ, ಮುಕ್ತ ತಂತ್ರಾಂಶ, ಅಂದರೆ ಅದರ ಮೂಲ ಕೋಡ್ ಎಲ್ಲರಿಗೂ ಸಿಗುತ್ತದೆ. ಅಂಚನ್ನು ತಾನೇ ಗುರುತಿಸಿ ಕತ್ತರಿಸುತ್ತದೆ, ಕಾಲಂ ಪ್ರಕಾರ ಸಾಗುತ್ತದೆ. ಇವೆರಡೂ ಸಾಲದಿದ್ದರೆ 'ರೀಫ್ಲೋ' ಇದೆ. ಪುಟದ ಚಿತ್ರವನ್ನು ಪದ ಪದವಾಗಿ ಕತ್ತರಿಸಿ, ಪರದೆಯ ಅಗಲಕ್ಕೆ ತಕ್ಕಂತೆ ಮತ್ತೆ ಜೋಡಿಸುತ್ತದೆ. ಅಕ್ಷರ ಏನೆಂದು ಅದಕ್ಕೆ ಗೊತ್ತಿರಬೇಕಾಗಿಲ್ಲ. ಹಾಗಾಗಿ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಕ್ಕೂ ನಡೆಯುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಮಾಡಿದ ಕನ್ನಡ ಪಿಡಿಎಫ್‌ಗೂ ನಡೆಯುತ್ತದೆ. ಅಂಥ ಫೈಲ್‌ನಿಂದ ಪಠ್ಯ ತೆಗೆದು ಜೋಡಿಸುವ ಆ್ಯಪ್‌ಗಳು ಚಿತ್ರವಿಚಿತ್ರ ಅಕ್ಷರಗಳನ್ನು ತೋರಿಸುತ್ತವೆ, ನೋಡಿರುತ್ತೀರಿ ಅಲ್ವಾ. ಕೋಷ್ಟಕ, ಗಣಿತದ ಸೂತ್ರ ಇರುವ ಪುಟಕ್ಕೆ ಮಾತ್ರ ರೀಫ್ಲೋ ಹಾಕಬೇಡಿ, ಚೆಲ್ಲಾಪಿಲ್ಲಿ ಆಗುತ್ತದೆ.

ಕೋರೀಡರ್‌ನ ಕೊರತೆ ಅದರ ಮುಖ. ಮೆನುಗಳ ಒಳಗೆ ಮೆನು, ಎಲ್ಲ ಕಪ್ಪು ಬಿಳುಪು. ಮೊದಲ ದಿನ ಕೈ ತಡವರಿಸುತ್ತದೆ. ಅಷ್ಟು ತಾಳ್ಮೆ ಇಲ್ಲದವರಿಗೆ ರೀಡ್‌ಎರಾ ಚೆನ್ನಾಗಿದೆ. ಜಾಹೀರಾತು ಇಲ್ಲ, ಖಾತೆ ಮಾಡು ಅನ್ನುವುದಿಲ್ಲ, ಅಂಚು ಕತ್ತರಿಸಲೂ ಬರುತ್ತದೆ. ಲಿಬ್ರೆರಾ ಇವೆರಡರ ನಡುವಿನದು. ಆಯ್ಕೆಗಳು ಬೇಕಾದಷ್ಟು ಇವೆ. ಮುಕ್ತ ಆ್ಯಪ್‌ಗಳ ಅಂಗಡಿಯಾದ ಎಫ್-ಡ್ರಾಯ್ಡ್‌ನಿಂದ ಹಾಕಿಕೊಂಡರೆ ಅದರಲ್ಲೂ ಜಾಹೀರಾತು ಇರುವುದಿಲ್ಲ. ಅಡೋಬಿಯ ಆ್ಯಕ್ರೊಬ್ಯಾಟ್‌ನಲ್ಲಿ ಪಿಡಿಎಫ್ ಅನ್ನು ಸಣ್ಣ ಪರದೆಗೆ ಹೊಂದಿಸುವ 'ಲಿಕ್ವಿಡ್ ಮೋಡ್' ಇದೆ. ಆದರೆ ಅದು ಫೈಲ್ ಅನ್ನು ಅವರ ಸರ್ವರ್‌ಗೆ ಕಳಿಸಿ ಮಾಡುವ ಕೆಲಸ. ಏರೋಪ್ಲೇನ್ ಮೋಡ್ ಪರೀಕ್ಷೆಯಲ್ಲಿ ಅಲ್ಲಿಗೇ ಮುಗಿಯಿತು.

ಐಪ್ಯಾಡ್ ಮಿನಿ ಇರುವವರಿಗೆ ಕೋರೀಡರ್ ಇಲ್ಲ. ಇಪಬ್‌ಗೆ ಆಪಲ್ ಬುಕ್ಸ್ ಸಾಕು. ಪಿಡಿಎಫ್‌ಗೆ ಒಂದು ದಾರಿ ಇದೆ. ಕೆ2ಪಿಡಿಎಫ್ಆಪ್ಟ್ ಎಂಬ ಉಚಿತ ತಂತ್ರಾಂಶವನ್ನು ಕಂಪ್ಯೂಟರ್‌ಗೆ ಹಾಕಿ, ಅಲ್ಲೇ ಪುಟಗಳನ್ನು ಸಣ್ಣ ಪರದೆಗೆ ಮರುಜೋಡಿಸಿ, ಆಮೇಲೆ ಟ್ಯಾಬ್‌ಗೆ ಕಳಿಸಿ. ಕೋರೀಡರ್‌ನ ರೀಫ್ಲೋ ಕೂಡ ಇದೇ ತಂತ್ರಾಂಶದ ಕೈಚಳಕ.

ಕನ್ನಡ ಇಪಬ್ ಓದುವವರಿಗೆ ಒಂದು ಕಿವಿಮಾತು. ಕೋರೀಡರ್‌ನಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ನಿಂತರೆ ಗಾಬರಿ ಬೇಡ. ಕನ್ನಡ ಫಾಂಟ್ ಒಂದನ್ನು ಅದರ ಫಾಂಟ್ಸ್ ಫೋಲ್ಡರ್‌ಗೆ ಹಾಕಿ, 'ಕರ್ನಿಂಗ್' ಆಯ್ಕೆಯನ್ನು 'ಬೆಸ್ಟ್' ಮಾಡಿ. ಆಗ ಅದು ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶವನ್ನು ಪೂರ್ತಿ ಬಳಸಿಕೊಳ್ಳುತ್ತದೆ, ಅಕ್ಷರಗಳು ತಮ್ಮ ಜಾಗಕ್ಕೆ ಬರುತ್ತವೆ.

ಆಮೇಲೆ ಓದೋಣ ಅಂತ ಎತ್ತಿಟ್ಟದ್ದು

ಎರಡನೆಯ ಪರೀಕ್ಷೆ ಯಾಕೆ ಬೇಕು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ನೆಟ್‌ನ ಲೇಖನಗಳನ್ನು ಓದಲು, ಎತ್ತಿಡಲು ಇದ್ದ ಮೂರು ಸೇವೆಗಳನ್ನು ನೋಡಿ. ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತಿತು. ಆಮ್ನಿವೋರ್ 2024ರ ನವೆಂಬರ್‌ನಲ್ಲಿ ಮುಚ್ಚಿತು. ಪಾಕೆಟ್ 2025ರ ಜುಲೈ 8ರಂದು ಬಾಗಿಲು ಹಾಕಿತು. ಮೂರನ್ನೂ ಜನ ಪ್ರೀತಿಯಿಂದ ಬಳಸುತ್ತಿದ್ದರು. ವರ್ಷಗಟ್ಟಲೆ ಕೂಡಿಟ್ಟ ಪಟ್ಟಿಯನ್ನು ಹೊರಗೆ ತೆಗೆದುಕೊಳ್ಳಲು ಕೊನೆಯ ದಿನಗಳಲ್ಲಿ ಓಡಾಡಬೇಕಾಯಿತು. ಹೀಗಾಗಿ ಉಚಿತ ಸೇವೆಯನ್ನು ನಂಬಿ ಸಾವಿರಾರು ಕೊಂಡಿಗಳನ್ನು ಒಂದೇ ಕಡೆ ಪೇರಿಸುವುದು ನನಗೆ ಸರಿ ಅನಿಸುವುದಿಲ್ಲ.

ಸದ್ಯಕ್ಕೆ ಇರುವವರಲ್ಲಿ ಇನ್‌ಸ್ಟಾಪೇಪರ್ ಹಳಬ, 2008ರಿಂದ ಇದೆ. ಬಳಸಲು ಸುಲಭ, ಲೇಖನಗಳನ್ನು ಟ್ಯಾಬ್‌ಗೆ ಇಳಿಸಿಡುತ್ತದೆ. ವಾಲಾಬ್ಯಾಗ್ ಮುಕ್ತ ತಂತ್ರಾಂಶ. ಬೇಕಾದರೆ ನಿಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಬಹುದು, ಅದನ್ನು ಯಾರೂ ಮುಚ್ಚುವಂತಿಲ್ಲ. ಸರ್ವರ್ ನೋಡಿಕೊಳ್ಳುವ ಅಭ್ಯಾಸ ಇಲ್ಲದವರಿಗೆ ಮಾತ್ರ ಅದು ಹೊರೆ. ಅಂಥವರು ಇನ್‌ಸ್ಟಾಪೇಪರ್ ಹಾಕಿಕೊಂಡು ಆಗಾಗ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟರೆ ಸಾಕು.

ನೀವು ಓದುವುದು ಮೆಚ್ಚಿನ ಕೆಲವೇ ತಾಣಗಳಾದರೆ ಆರ್‌ಎಸ್‌ಎಸ್ ಇನ್ನೂ ಸರಳ. ತಾಣಗಳ ಹೊಸ ಲೇಖನಗಳನ್ನು ಒಂದೇ ಕಡೆ ತಂದುಕೊಡುವ ವ್ಯವಸ್ಥೆ ಅದು. ಆಂಡ್ರಾಯ್ಡ್‌ನಲ್ಲಿ ಫೀಡರ್, ಐಪ್ಯಾಡ್‌ನಲ್ಲಿ ನೆಟ್‌ನ್ಯೂಸ್‌ವೈರ್. ಎರಡೂ ಉಚಿತ, ಎರಡೂ ಮುಕ್ತ. ಫೀಡರ್‌ನಲ್ಲಿ 'ಪೂರ್ತಿ ಲೇಖನ ತಂದಿಡು' ಎಂಬ ಆಯ್ಕೆ ಇದೆ, ಅದನ್ನು ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಹಲವು ತಾಣಗಳ ಎರಡು ಸಾಲು ಮಾತ್ರ ಇಳಿದಿರುತ್ತದೆ, ದಾರಿಯಲ್ಲಿ ತೆರೆದಾಗ ಓದಲು ಏನೂ ಇರುವುದಿಲ್ಲ. ಚಂದಾ ಪಟ್ಟಿ ಒಪಿಎಂಎಲ್ ಎಂಬ ಸಣ್ಣ ಫೈಲ್ ಆಗಿ ಹೊರಬರುತ್ತದೆ. ನಾಳೆ ಬೇರೆ ಆ್ಯಪ್‌ಗೆ ಹೋದರೂ ಅದನ್ನೇ ಕೊಟ್ಟರೆ ಆಯಿತು.

ಬ್ರೌಸರ್

ಆಂಡ್ರಾಯ್ಡ್ ಟ್ಯಾಬ್‌ಗೆ ನನ್ನ ಆಯ್ಕೆ ಫೈರ್‌ಫಾಕ್ಸ್. ಕ್ರೋಮ್ ಜಾಸ್ತಿ ಚುರುಕು ಅನಿಸಬಹುದು, ಕೆಲವು ತಾಣಗಳು ಅದರಲ್ಲೇ ಚೆನ್ನಾಗಿ ನಡೆಯುತ್ತವೆ, ನಿಜ. ಆದರೆ ಆಂಡ್ರಾಯ್ಡ್ ಕ್ರೋಮ್‌ಗೆ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರ್‌ಗೆ ಸೇರಿಸುವ ಸಣ್ಣ ತಂತ್ರಾಂಶ, ಹಾಕಲು ಬರುವುದಿಲ್ಲ. ಫೈರ್‌ಫಾಕ್ಸ್ 2023ರ ಡಿಸೆಂಬರ್‌ನಿಂದ ನೂರಾರು ಎಕ್ಸ್‌ಟೆನ್ಶನ್‌ಗಳಿಗೆ ಬಾಗಿಲು ತೆರೆದಿದೆ. ಯುಬ್ಲಾಕ್ ಆರಿಜಿನ್ ಒಂದನ್ನು ಹಾಕಿದರೆ ಸಾಕು, ಸಣ್ಣ ಪರದೆಯ ಅರ್ಧ ನುಂಗುತ್ತಿದ್ದ ಜಾಹೀರಾತುಗಳು ಹೋಗುತ್ತವೆ, ಹಳೆಯ ಟ್ಯಾಬ್ ಕೂಡ ಉಸಿರಾಡುತ್ತದೆ. ರೀಡರ್ ವ್ಯೂ ಇದೆ, ಪುಟವನ್ನು ಪಿಡಿಎಫ್ ಆಗಿ ಉಳಿಸಲೂ ಬರುತ್ತದೆ.

ಐಪ್ಯಾಡ್‌ನಲ್ಲಿ ಈ ಚರ್ಚೆಗೆ ಹೆಚ್ಚು ಅರ್ಥ ಇಲ್ಲ. ಯುರೋಪಿಯನ್ ಒಕ್ಕೂಟದಂಥ ಕೆಲವು ಕಡೆ ಬಿಟ್ಟರೆ ಅಲ್ಲಿ ಎಲ್ಲ ಬ್ರೌಸರ್‌ಗಳ ಒಳಗೂ ಸಫಾರಿಯ ವೆಬ್‌ಕಿಟ್ ಎಂಜಿನ್ನೇ ಇರುತ್ತದೆ. ಸಫಾರಿಯನ್ನೇ ಇಟ್ಟುಕೊಂಡು ಜಾಹೀರಾತು ತಡೆಯುವ ಒಂದು ಒಳ್ಳೆಯ ಕಂಟೆಂಟ್ ಬ್ಲಾಕರ್ ಹಾಕಿ.

ನಕ್ಷೆ

ಆ್ಯಪ್ ಆರಿಸುವ ಮೊದಲು ನಿಮ್ಮ ಟ್ಯಾಬ್‌ನಲ್ಲಿ ಜಿಪಿಎಸ್ ಇದೆಯೇ ನೋಡಿ. ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಇಲ್ಲ. ಸುತ್ತಲಿನ ವೈಫೈಗಳನ್ನು ನೋಡಿ ಅವು ಜಾಗ ಅಂದಾಜು ಮಾಡುತ್ತವೆ. ಬಯಲಿನಲ್ಲಿ, ಕಾಡಿನಲ್ಲಿ ಅದು ಕೈಕೊಡುತ್ತದೆ. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಜಿಪಿಎಸ್ ಚಿಪ್ ಇದ್ದರೆ ಅದಕ್ಕೆ ನೆಟ್ ಬೇಕಾಗಿಲ್ಲ, ಉಪಗ್ರಹದ ಸಂಕೇತ ಸಿಕ್ಕರೆ ಸಾಕು. ನಕ್ಷೆ ಮೊದಲೇ ಇಳಿಸಿರಬೇಕು, ಅಷ್ಟೇ.

ಗೂಗಲ್ ಮ್ಯಾಪ್ಸ್‌ನಲ್ಲೂ ಇಳಿಸಿಕೊಳ್ಳಬಹುದು. ಆದರೆ ನೆಟ್ ಇಲ್ಲದಾಗ ಅದು ವಾಹನದ ದಾರಿ ಮಾತ್ರ ಹೇಳುತ್ತದೆ, ನಡೆಯುವವರಿಗೆ, ಸೈಕಲ್‌ನವರಿಗೆ, ಬಸ್ಸು ರೈಲು ಹುಡುಕುವವರಿಗೆ ಇಲ್ಲ. ಇಳಿಸಿದ ನಕ್ಷೆಗೆ ಅವಧಿಯೂ ಇದೆ, ಹೊಸದು ಮಾಡುತ್ತಿರಬೇಕು. ಅಂಗಡಿಗಳ ಫೋನ್ ನಂಬರ್, ಜನರ ಅಭಿಪ್ರಾಯ, ಈಗಿನ ಟ್ರಾಫಿಕ್ ಬೇಕಾದರೆ ಅದಕ್ಕೆ ಸಾಟಿ ಇಲ್ಲ. ಅದೆಲ್ಲ ನೆಟ್ ಇದ್ದಾಗಿನ ಮಾತು.

ಆರ್ಗ್ಯಾನಿಕ್ ಮ್ಯಾಪ್ಸ್ ಮತ್ತು ಓಸ್ಮಾಂಡ್ ಎರಡೂ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿ ಬಳಸುತ್ತವೆ. 2004ರಲ್ಲಿ ಶುರುವಾದ, ಸ್ವಯಂಸೇವಕರು ಕಟ್ಟುತ್ತಿರುವ ನಕ್ಷೆ ಅದು. ಆರ್ಗ್ಯಾನಿಕ್ ಮ್ಯಾಪ್ಸ್ ಹಗುರ. ಬೆರಳಿಟ್ಟು ಎಳೆದರೆ ಹಳೆಯ ಟ್ಯಾಬ್‌ನಲ್ಲೂ ಸರಾಗವಾಗಿ ಸರಿಯುತ್ತದೆ. ನಡಿಗೆ, ಸೈಕಲ್, ವಾಹನ, ಮೂರಕ್ಕೂ ನೆಟ್ ಇಲ್ಲದೆ ದಾರಿ ಹೇಳುತ್ತದೆ. ಓಸ್ಮಾಂಡ್‌ನಲ್ಲಿ ಇಲ್ಲದ್ದೇ ಇಲ್ಲ. ಎತ್ತರದ ಗೆರೆಗಳು, ನಡೆದ ದಾರಿಯ ದಾಖಲೆ, ನಕ್ಷೆಯ ಬಣ್ಣದಿಂದ ಹಿಡಿದು ಎಲ್ಲವನ್ನೂ ಬೇಕಾದಂತೆ ತಿರುಚಬಹುದು. ಅದಕ್ಕೆ ತಕ್ಕ ಹಾಗೆ ಭಾರ, ಕಲಿಯಲು ಸಮಯ. ಪ್ಲೇ ಸ್ಟೋರ್‌ನ ಉಚಿತ ಆವೃತ್ತಿಯಲ್ಲಿ ಇಳಿಸುವ ನಕ್ಷೆಗಳ ಸಂಖ್ಯೆಗೆ ಮಿತಿ ಇದೆ, ಎಫ್-ಡ್ರಾಯ್ಡ್‌ನದಕ್ಕೆ ಇಲ್ಲ. ಬೆಟ್ಟ ಹತ್ತುವವರು ಓಸ್ಮಾಂಡ್ ಕಲಿಯಲಿ, ಶ್ರಮ ವ್ಯರ್ಥ ಆಗುವುದಿಲ್ಲ. ಉಳಿದವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಸಾಕು.

ಬರೆದಿಡುವುದು

ಟೈಪ್ ಮಾಡುವವರಿಗೆ ಮೂರು ದಾರಿ. ಗೂಗಲ್ ಕೀಪ್ ತಟ್ಟನೆ ತೆರೆಯುತ್ತದೆ, ಸಾಮಾನಿನ ಪಟ್ಟಿಗೆ, ಎರಡು ಸಾಲಿನ ನೆನಪಿಗೆ ಸರಿ. ಉದ್ದದ ಬರಹಕ್ಕೆ ಅದು ಅಲ್ಲ. ಜೋಪ್ಲಿನ್ ಮುಕ್ತ ತಂತ್ರಾಂಶ. ಟಿಪ್ಪಣಿಗಳೆಲ್ಲ ಟ್ಯಾಬ್‌ನಲ್ಲೇ ಇರುತ್ತವೆ. ಡ್ರಾಪ್‌ಬಾಕ್ಸ್, ನೆಕ್ಸ್ಟ್‌ಕ್ಲೌಡ್ ಇಂಥವುಗಳ ಮೂಲಕ ಸಿಂಕ್ ಮಾಡಬಹುದು, ಬೀಗ ಹಾಕಿ ಕಳಿಸುವ ಎನ್‌ಕ್ರಿಪ್ಶನ್ ಇದೆ. ಅಬ್ಸಿಡಿಯನ್ ಮುಕ್ತ ಅಲ್ಲ. ಆದರೂ ಹೊರತೆಗೆಯುವ ಪರೀಕ್ಷೆಯಲ್ಲಿ ಅದಕ್ಕೇ ನನ್ನ ಮೊದಲ ಅಂಕ. ಯಾಕೆಂದರೆ ಹೊರತೆಗೆಯುವ ಕೆಲಸವೇ ಇಲ್ಲ. ಪ್ರತಿ ಟಿಪ್ಪಣಿಯೂ ಒಂದು ಮಾರ್ಕ್‌ಡೌನ್ ಫೈಲ್, ಅಂದರೆ ಸಾದಾ ಪಠ್ಯ. ಅಬ್ಸಿಡಿಯನ್ ನಾಳೆ ಇಲ್ಲವಾದರೂ ಯಾವ ಎಡಿಟರ್‌ನಲ್ಲಾದರೂ ತೆರೆಯುತ್ತದೆ. ಜೋಪ್ಲಿನ್‌ನಲ್ಲಿ ಎಲ್ಲ ಒಂದು ಡೇಟಾಬೇಸ್ ಒಳಗೆ ಇರುತ್ತದೆ, ಎಕ್ಸ್‌ಪೋರ್ಟ್ ಮಾಡಿಯೇ ತೆಗೆಯಬೇಕು. ಸಿಂಕ್‌ಗೆ ದುಡ್ಡು ಕೊಡದೆ ಎರಡು ಮೂರು ಸಾಧನದಲ್ಲಿ ಬರೆಯಬೇಕು ಅನ್ನುವವರಿಗೆ ಜೋಪ್ಲಿನ್ ಸುಲಭ. ಒಂದೇ ಟ್ಯಾಬ್, ಉದ್ದದ ಬರಹ ಅನ್ನುವವರಿಗೆ ಅಬ್ಸಿಡಿಯನ್.

ಕೈಬರಹ ಬೇಕೆನ್ನುವವರಿಗೆ ಆ್ಯಪ್‌ಗಿಂತ ಪೆನ್ನು ದೊಡ್ಡ ವಿಷಯ. ರಬ್ಬರ್ ತುದಿಯ ಸಾಮಾನ್ಯ ಸ್ಟೈಲಸ್ ಪರದೆಗೆ ಬೆರಳಿನಂತೆಯೇ ಕಾಣುತ್ತದೆ. ಅಂಗೈ ಊರಿದರೆ ಅದೂ ಗೆರೆ ಎಳೆಯುತ್ತದೆ. ಟ್ಯಾಬ್‌ಗೆಂದೇ ಮಾಡಿದ ಆ್ಯಕ್ಟಿವ್ ಪೆನ್ನು ಇದ್ದರೆ ಮಾತ್ರ ಈ ಹಾದಿ ಹಿಡಿಯಿರಿ. ಆಮೇಲೆ ಯಾವ ಆ್ಯಪ್ ಆದರೂ, ಪಿಡಿಎಫ್ ಆಗಿ ಹೊರಬರುತ್ತದೆಯೇ ನೋಡಿ.

ಉಳಿದವು

ವಿಡಿಯೊಗೆ ವಿಎಲ್‌ಸಿ. 1996ರಲ್ಲಿ ಫ್ರಾನ್ಸಿನ ವಿದ್ಯಾರ್ಥಿಗಳು ಶುರುಮಾಡಿದ್ದು, ಈಗಲೂ ಜಾಹೀರಾತು ಇಲ್ಲ, ಸಾಮಾನ್ಯವಾಗಿ ಏನು ಕೊಟ್ಟರೂ ಓಡಿಸುತ್ತದೆ. ಇದರಲ್ಲಿ ಹೋಲಿಸಲು ಹೆಚ್ಚೇನಿಲ್ಲ.

ವಿಕಿಪೀಡಿಯವನ್ನು ಹಾಗೇ ಎತ್ತಿ ಟ್ಯಾಬ್‌ಗೆ ಹಾಕಿಕೊಳ್ಳಬೇಕು ಅನ್ನುವುದು ಬಹಳ ಹಳೆಯ ಆಸೆ. ಕಿವಿಕ್ಸ್ ಅದನ್ನು 2007ರಿಂದ ನಡೆಸಿಕೊಡುತ್ತಿದೆ. ಜಿಮ್ ಎಂಬ ರೂಪದ ಒಂದೇ ಫೈಲ್, ಒಳಗೆ ಹುಡುಕಾಟವೂ ಇದೆ. ಚಿತ್ರಗಳ ಸಮೇತ ಇಂಗ್ಲಿಷ್ ವಿಕಿಪೀಡಿಯ 100 ಜಿಬಿ ಸುತ್ತಮುತ್ತ ಇದೆ. ಚಿತ್ರ ಇಲ್ಲದ್ದು ಅದರ ಅರ್ಧದಷ್ಟು. ಸಣ್ಣ ಭಾಷೆಗಳದ್ದು, ಒಂದೊಂದು ವಿಷಯದ್ದು ಬಹಳ ಕಡಿಮೆ. ಮೆಮೊರಿ ಕಾರ್ಡ್‌ಗೆ ಹಾಕುವ ಮೊದಲು ಅದು ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಆಗಿದೆಯೇ ನೋಡಿಕೊಳ್ಳಿ. ಫ್ಯಾಟ್32 ಕಾರ್ಡ್‌ನಲ್ಲಿ 4 ಜಿಬಿ ದಾಟಿದ ಫೈಲ್ ಕೂರುವುದಿಲ್ಲ. ರಾತ್ರಿಯಿಡೀ ಇಳಿಸಿದ್ದು ನಕಲು ಆಗದೆ ನಿಲ್ಲುತ್ತದೆ.

ಇಷ್ಟೆಲ್ಲ ಫೈಲ್‌ಗಳನ್ನು ಕಂಪ್ಯೂಟರ್‌ನಿಂದ ಟ್ಯಾಬ್‌ಗೆ ತರಲು ಲೋಕಲ್‌ಸೆಂಡ್ ಸುಲಭ. ಎರಡೂ ಒಂದೇ ವೈಫೈಯಲ್ಲಿದ್ದರೆ ಸಾಕು, ಇಂಟರ್ನೆಟ್ ಬೇಡ, ಐಪ್ಯಾಡ್‌ಗೂ ಇದೆ. ಒಂದು ಫೋಲ್ಡರ್ ಸದಾ ಎರಡೂ ಕಡೆ ಒಂದೇ ಥರ ಇರಬೇಕಾದರೆ ಸಿಂಕ್‌ಥಿಂಗ್. ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಕೊನೆಗೆ ನಿಂತಿತು, ಬೇರೆಯವರು ಮುಂದುವರಿಸಿದ ಆವೃತ್ತಿಯನ್ನು ಹುಡುಕಿ ಹಾಕಬೇಕು.

ದೂರದ ಸರ್ವರ್‌ಗೆ ಲಾಗಿನ್ ಆಗಿ ಕೆಲಸ ಮಾಡುವವರಿಗೆ ಎಸ್‌ಎಸ್‌ಎಚ್‌ಗಿಂತ ಮಾಶ್ ಒಳ್ಳೆಯದು. ವೈಫೈ ಬದಲಾದರೂ, ಟ್ಯಾಬ್ ಮಲಗಿ ಎದ್ದರೂ ಸಂಪರ್ಕ ಹಾಗೇ ಇರುತ್ತದೆ. ಸರ್ವರ್‌ನಲ್ಲೂ ಅದನ್ನು ಹಾಕಿರಬೇಕು. ಆಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಒಳಗೆ, ಐಪ್ಯಾಡ್‌ನಲ್ಲಿ ಬ್ಲಿಂಕ್ ಶೆಲ್ ಒಳಗೆ ಸಿಗುತ್ತದೆ.

ಇನ್ನೂ ಈಡೇರದ ಒಂದು ಆಸೆ

ಓದುವಾಗ ಗೆರೆ ಹಾಕುತ್ತೇವಲ್ಲ, ಆ ಗೆರೆಗಳು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಬರಬೇಕು. ಇಪಬ್‌ನಲ್ಲಿ ಇದು ಇವತ್ತಿಗೂ ಸರಿಯಾಗಿಲ್ಲ. ಪುಸ್ತಕ ಒಂದೇ ಫೈಲ್ ಆದರೂ ಗೆರೆ, ಅಂಚಿನ ಟಿಪ್ಪಣಿ ಎಲ್ಲ ಆಯಾ ಆ್ಯಪ್‌ನ ಒಳಗೆ ಬೇರೆ ಕಡೆ ಕೂರುತ್ತವೆ. ಆ್ಯಪ್ ಬದಲಿಸಿದರೆ ಪುಸ್ತಕ ಬರುತ್ತದೆ, ವರ್ಷಗಳ ಓದಿನ ಗುರುತು ಬರುವುದಿಲ್ಲ. ನನಗೆ ಇದು ಬಹಳ ದೊಡ್ಡ ಕೊರತೆ.

ಪಿಡಿಎಫ್‌ನಲ್ಲಿ ಮಾತ್ರ ಗೆರೆಯನ್ನು ಫೈಲ್‌ನ ಒಳಗೇ ಬರೆಯಲು ಬರುತ್ತದೆ. ಕೋರೀಡರ್‌ನಲ್ಲಿ ಆ ಆಯ್ಕೆ ಇದೆ, ಹುಡುಕಿ ಹಾಕಿಕೊಳ್ಳಿ. ಇಪಬ್‌ಗೆ ಸದ್ಯದ ಉಪಾಯ ಒಂದೇ. ಪುಸ್ತಕ ಮುಗಿದ ಕೂಡಲೇ ಗೆರೆಗಳನ್ನೆಲ್ಲ ಎಕ್ಸ್‌ಪೋರ್ಟ್ ಮಾಡಿ. ಕೋರೀಡರ್ ಅವನ್ನು ಮಾರ್ಕ್‌ಡೌನ್ ಫೈಲ್ ಆಗಿ ಕೊಡುತ್ತದೆ, ನೇರವಾಗಿ ಜೋಪ್ಲಿನ್‌ಗೂ ಕಳಿಸುತ್ತದೆ. ಮುಂದಿನ ಪುಸ್ತಕ ತೆರೆಯುವ ಮೊದಲೇ ಈ ಕೆಲಸ ಮುಗಿಸಿಬಿಡಿ.